ಖಾರದ ಕೈ

ಬಂಡೆಪ್ಪ ಮಗಳನ್ನು ಕಣ್ಣಿನಿಂದಲೇ ಎತ್ತಿಕೊಳ್ಳುತ್ತಿದ್ದ. ಕೈಯಿಂದ ಎತ್ತುವ ಹಾಗಿರಲಿಲ್ಲ. ಊರು ಬಿಟ್ಟು ಬಂದು ಬೇಗಂ ಬಜಾರಿನ ಅಂಗಡಿಯಲ್ಲಿ ದಿನವಿಡೀ ಒಣಮೆಣಸಿನಕಾಯಿ ಆರಿಸಿ ಚೀಲಕ್ಕೆ ತುಂಬುವ ಕೈ ಅದು. ಸಾಬೂನು, ಮಜ್ಜಿಗೆ, ಕೊಬ್ಬರಿ ಎಣ್ಣೆ, ಏನು ತಿಕ್ಕಿದರೂ ಖಾರ ಬಿಡದು. ಭಾನುವಾರ ಅಂಗಡಿಗೆ ರಜೆ, ಖಾರಕ್ಕೆ ರಜೆಯಿಲ್ಲ.

ಪಿಂಕಿ ಹುಟ್ಟಿದ ಹೊಸದರಲ್ಲಿ ಒಮ್ಮೆ ಆಸೆ ತಡೆಯದೆ ಕೆನ್ನೆ ಸವರಿದ್ದ. ಕೂಸಿನ ಕಣ್ಣು ಊದಿಕೊಂಡು, ಸಂಜೆತನಕ ಅತ್ತಿತ್ತು. ಅವನ ಅವ್ವ ಗಲ್ಲಿಗೆಲ್ಲ ಕೇಳುವಂತೆ ಕೂಗಾಡಿದ್ದಳು. "ಗಂಡಸರಿಗ್ಯಾಕೋ ಕೂಸಿನ ಉಸಾಬರಿ? ನೀ ದುಡದ ಹಾಕು, ಸಾಕು!"

ಅಂದಿನಿಂದ ಹೊಸ್ತಿಲ ಹತ್ತಿರವೇ ಅವನ ಜಾಗ. ಪಕ್ಕದ ಮನೆಯ ತೆಲುಗಿನವರು ಕೂಡ ಬಂದು ಪಿಂಕಿಯನ್ನು ಎತ್ತಿ ಮುದ್ದಾಡಿ ಹೋಗುತ್ತಿದ್ದರು. ಬಂಡೆಪ್ಪನಿಗೆ ಹೊಟ್ಟೆ ಉರಿಯುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿ ಮೆಣಸಿನಕಾಯಿ.

ಕೂಸಿಗೆ ಎರೆಯುವುದು ಅವ್ವನ ಕೆಲಸ. ನೆಲದ ಮೇಲೆ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ನೀರು ಹೊಯ್ಯುವಳು. ಒಂದು ಭಾನುವಾರ ಅವಳ ಮೊಣಕಾಲು ಹಿಡಿದುಕೊಂಡು ಕೂರಲಾಗಲಿಲ್ಲ. ಸಿಜೇರಿಯನ್ ಆಗಿದ್ದ ಸೊಸೆ ಗುರುಬಾಯಿಗೂ ಇನ್ನೂ ನೆಲಕ್ಕೆ ಕೂರಲಾಗದು. ನೀರು ಕಾದು ಕೂತಿತ್ತು.

"ಇವತ್ತ ಅರಿವಿಲೆ ಒರಿಸಿ ಬಿಡವಾ," ಅಂದಳು ಅವ್ವ.

ಗುರುಬಾಯಿ ಹೊಸ್ತಿಲ ಕಡೆ ನೋಡಿದಳು. "ಅತ್ತೀ, ಇವರ ಕೈಗೆ ಖಾರ ಐತಿ. ಕಾಲಿಗೇನಾಗೇತಿ?"

"ಗಂಡಸು ಕೂಸಿಗೆ ಎರಿಯೂದಾ? ನಮ್ಮ ಕಡಿ ಮಂದಿ ಕೇಳಿದ್ರ ನಗತಾರ."

"ನಗಲಿ ಬಿಡ್ರಿ. ಎರಿಯಾಕಿ ನಾನು. ಅವರು ಬರೇ ಕಾಲು ಕೊಡ್ತಾರ."

ಬಂಡೆಪ್ಪ ಹೊಸ್ತಿಲು ಬಿಟ್ಟು ಒಳಗೆ ಬಂದ. "ಅವ್ವಾ, ಮೊದಲ ನನ್ನ ಕೈ ಹಿಂದಕ್ಕ ಕಟ್ಟಿಬಿಡು. ಕೂಸಿನ್ನ ಕಂಡ್ರ ಇವು ನನ್ನ ಮಾತ ಕೇಳಂಗಿಲ್ಲ."

ಅವ್ವ ಗೊಣಗುತ್ತ ಟವೆಲ್ಲಿನಿಂದ ಬಿಗಿದಳು. ಅವನು ಕೂತು ಕಾಲು ಚಾಚಿದ. ಗುರುಬಾಯಿ ಸ್ಟೂಲಿನ ಮೇಲೆ ಕೂತು ಆ ಕಾಲುಗಳಿಗೆ ಸಾಬೂನು ಹಚ್ಚಿ ತೊಳೆದಳು.

"ಗಂಡನ ಪಾದಪೂಜಿ ಒಂದ ಬಾಕಿ ಇತ್ತ ನೋಡು," ಅಂದಳು ಅವ್ವ.

ಆಮೇಲೆ ಪಿಂಕಿ ಅವನ ಕಾಲ ಮೇಲೆ ಬಂದಳು. ಇಷ್ಟು ಹಗುರ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಬೆಚ್ಚನೆಯ ನೀರು ಅವಳ ಬೆನ್ನಿನಿಂದಿಳಿದು ಅವನ ಕಾಲನ್ನೂ ತೋಯಿಸಿತು. ಅವಳು ಕೈಯಾಡಿಸಿ ಅವನ ಕಾಲಿನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಬೆನ್ನ ಹಿಂದೆ ಅವನ ಕೈಗಳು ಟವೆಲ್ಲನ್ನು ಜಗ್ಗಿದವು. ಕಣ್ಣು ತುಂಬಿ ಹರಿಯಿತು.

"ಮುಗೀತ್ರಿ," ಅಂದಳು ಗುರುಬಾಯಿ.

"ಇನ್ನೊಂದ ತಂಬಗಿ ಹಾಕ."

"ನೀರ ಖಾಲಿ ಆಗ್ಯಾವಲ್ರಿ."

ಅವ್ವ ಮಗನ ಮುಖ ನೋಡಿದಳು. ಗೋಡೆ ಹಿಡಿದು ಕುಂಟುತ್ತ ಹೋಗಿ, ಇನ್ನೊಂದು ಪಾತ್ರೆ ನೀರು ಒಲೆಯ ಮೇಲಿಟ್ಟಳು.