ಉದಾಹರಣೆಗೆ ಸಿಕ್ಕ ಅಕ್ಕ

ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಬೇರೆಯವರ ತಪ್ಪು ಹೆಕ್ಕಿ ಹೆಕ್ಕಿ, ತಪ್ಪು ಕಂಡರೆ ಕೈ ಸುಮ್ಮನಿರದ ಚಾಳಿ ಅಂಟಿಕೊಂಡಿತ್ತು. ಯಾವುದಾದರೂ ಅಂಗಡಿಯ ಬೋರ್ಡಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದ್ದರೆ ಒಳಗೆ ಹೋಗಿ ಹೇಳಿಯೇ ಬರುತ್ತಿದ್ದ. ಇಂಥವನಿಗೆ ಫೋನಿನಲ್ಲಿ ‘ಮಾತಿನಕಟ್ಟೆ’ ಎಂಬ ಗುಂಪು ಸಿಕ್ಕಿತು. ಕೇಳಬೇಕೆ!

ಮೂವತ್ತು ಸಾವಿರ ಜನರ ಗುಂಪು ಅದು. ಯಾರೂ ಯಾರ ಮುಖವನ್ನೂ ಕಂಡಿಲ್ಲ, ಯಾರಿಗೂ ನಿಜವಾದ ಹೆಸರಿಲ್ಲ. ದಿನಕ್ಕೊಂದು ಪ್ರಶ್ನೆ ಬೀಳುತ್ತಿತ್ತು. ಒಬ್ಬರೇ ಕೂತು ಊಟ ಮಾಡುವವರನ್ನು ಜನ ಯಾಕೆ ಅಯ್ಯೋ ಪಾಪ ಅನ್ನುವ ಹಾಗೆ ನೋಡುತ್ತಾರೆ? ಲಿಫ್ಟಿನೊಳಗೆ ಎಲ್ಲರೂ ಯಾಕೆ ಬಾಗಿಲಿನ ಕಡೆಗೇ ಮುಖ ಮಾಡಿ ನಿಲ್ಲುತ್ತಾರೆ? ಗಂಡಸರು ಅತ್ತರೆ ತಪ್ಪೇ? ಅವನು ಅಲ್ಲಿ ‘ಅಲ್ಪವಿರಾಮ’. ಮಧ್ಯಾಹ್ನದ ಬಿಡುವಿನಲ್ಲಿ ಡಬ್ಬಿ ಬಿಚ್ಚುವ ಮೊದಲೇ ಫೋನು ಬಿಚ್ಚುತ್ತಿದ್ದ. ಅವನಿಗೆ ಅಲ್ಲೊಬ್ಬ ಎದುರಾಳಿಯೂ ಇದ್ದ, ‘ಹಳೇ ಛತ್ರಿ’ ಅಂತ. ಆ ಛತ್ರಿ ಎಂಥದ್ದಕ್ಕೂ ಬಗ್ಗುವ ಆಸಾಮಿಯಲ್ಲ. ಮೂರು ಸಲ ಎಲ್ಲರ ಮುಂದೆ ಅಲ್ಪವಿರಾಮನ ಬಾಯಿ ಮುಚ್ಚಿಸಿದ್ದ.

ಒಂದು ಮಂಗಳವಾರ ಬಿದ್ದ ಪ್ರಶ್ನೆ: ‘ಓದುಬರಹ ಬಾರದವರು ಇವತ್ತಿಗೂ ನಗರಗಳಲ್ಲಿ ಇದ್ದಾರಾ?’

ಛತ್ರಿ ಎಂದಿನ ಹಾಗೆ ಕಡ್ಡಿ ಮುರಿದಂತೆ ಬರೆದ: ‘ಇಲ್ಲ. ಇದ್ದರೂ ಅದು ಸೋಮಾರಿತನ. ನೀವು ಯಾರಾದರೂ ಒಬ್ಬರನ್ನಾದರೂ ಕಂಡಿದ್ದೀರಾ?’

ಅಲ್ಪವಿರಾಮನ ಬೆರಳು ತಡೆಯಲಿಲ್ಲ. ‘ಕಂಡಿದ್ದೇನೆ. ನನ್ನ ಸ್ವಂತ ಅಕ್ಕ,’ ಎಂದು ಬರೆದೇಬಿಟ್ಟ.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಮೂರು ಬೀದಿ ಆಚೆ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದಳು. ಅವಳಿಗೆ ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅದು ಗೊತ್ತಿದ್ದವರು ಇಬ್ಬರೇ. ಒಬ್ಬರು ಭಾವ, ಅವರು ತೀರಿಹೋಗಿ ಆರು ವರ್ಷ. ಇನ್ನೊಬ್ಬ ಇವನು. ಹೆತ್ತ ಮಗಳಿಗೂ ಅಕ್ಕ ಹೇಳಿರಲಿಲ್ಲ. ‘ನನ್ನ ಕಣ್ಣು ಸರಿಯಿಲ್ಲ, ನೀನೇ ಓದಿ ಹೇಳು’ ಅನ್ನುತ್ತಲೇ ಆ ಹುಡುಗಿಯನ್ನು ನರ್ಸಿಂಗ್ ಓದುವ ಮಟ್ಟಕ್ಕೆ ತಂದಿದ್ದಳು. ಶಾಲೆಯ ಅಂಕಪಟ್ಟಿಗೆ ಹಾಕುವ ಸಹಿಯನ್ನು ಇವನೇ ಕೂರಿಸಿ ಕಲಿಸಿಕೊಟ್ಟಿದ್ದ.

ಗುಂಪಿನವರು ಮುಗಿಬಿದ್ದರು. ಹೇಗೆ ಸಂಭಾಳಿಸುತ್ತಾರೆ? ಯಾರಿಗೂ ಗೊತ್ತಾಗಿಲ್ಲವಾ? ಇನ್ನಷ್ಟು ಹೇಳಿ! ಅಷ್ಟು ಜನ ತನ್ನ ಮಾತಿಗೆ ಕಾಯುವುದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಉಪ್ಪುಖಾರ ಹಚ್ಚಿ ಬರೆದ. ಗಿರಾಕಿಗಳ ಬಟ್ಟೆ ಅದಲುಬದಲಾಗದ ಹಾಗೆ ಕಾಲರಿನೊಳಗೆ ಬಣ್ಣಬಣ್ಣದ ದಾರದ ಹೊಲಿಗೆ ಹಾಕುವುದನ್ನು ಬರೆದ. ದಂತವೈದ್ಯರಿಗೆ ಹಸಿರು, ಬ್ಯಾಂಕಿನವರಿಗೆ ನೀಲಿ, ಜಗಳಗಂಟ ಮೇಷ್ಟರಿಗೆ ಕೆಂಪು. ಒಮ್ಮೆ ಕ್ಲಿನಿಕ್ಕಿನಲ್ಲಿ ಫಾರಂ ಕೊಟ್ಟಾಗ, ‘ಕನ್ನಡಕ ಮನೇಲೇ ಮರೆತು ಬಂದೆ’ ಅಂದಿದ್ದಳು, ಕನ್ನಡಕ ಹಣೆಯ ಮೇಲೇ ಕೂತಿತ್ತು! ಅದನ್ನಂತೂ ಎಲ್ಲಕ್ಕಿಂತ ಮೊದಲೇ ಬರೆದಿದ್ದ. ಜನ ಬಿದ್ದು ಬಿದ್ದು ನಕ್ಕರು. ಛತ್ರಿ ಕೂಡ ‘ಸೋತೆ ಮಾರಾಯ’ ಅಂದ. ಆ ದಿನ ಮುದ್ರಣಾಲಯದಲ್ಲಿ ಅವನ ಕಣ್ಣಿಗೆ ಒಂದು ತಪ್ಪೂ ಬೀಳಲಿಲ್ಲ. ಅಷ್ಟು ಖುಷಿ.

ನಡುವೆ ಯಾರೋ ಒಬ್ಬರು ಮಾತ್ರ ಮೆಲ್ಲಗೆ ಕೇಳಿದ್ದರು: ‘ನಿಮಗೆ ಇಷ್ಟು ಚೆಂದ ಬರೆಯೋಕೆ ಬರುತ್ತೆ. ಅಕ್ಕನಿಗೆ ನೀವು ಯಾಕೆ ಕಲಿಸಲಿಲ್ಲ?’

‘ಅವಳಿಗೇ ಆಸಕ್ತಿ ಇರಲಿಲ್ಲ’ ಎಂದು ಬರೆದು ಮುಂದಕ್ಕೆ ಹೋದ.

ಆ ವಾರದ ಶನಿವಾರ ಸಂಜೆ ಅಕ್ಕನ ಅಂಗಡಿಗೆ ಹೋದ. ಅಕ್ಕ ಒಂದು ಬಿಳಿ ಅಂಗಿಗೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಆಡಿಸುತ್ತಿದ್ದಳು. ಮಗಳು ಸ್ಟೂಲಿನ ಮೇಲೆ ಕಾಲು ಮಡಚಿ ಕೂತು ಫೋನು ನೋಡುತ್ತಿದ್ದವಳು ಕಿಸಕ್ಕನೆ ನಕ್ಕಳು.

“ಅಮ್ಮಾ, ಇದು ಕೇಳು. ಕಾಲೇಜಿನ ಗುಂಪಲ್ಲಿ ಯಾರೋ ಕಳಿಸಿದಾರೆ. ಸಕ್ಕತ್ತಾಗಿದೆ. ಯಾರೋ ಒಬ್ಬ ಅವನ ಅಕ್ಕನ ಬಗ್ಗೆ ಬರೆದಿದಾನೆ, ಅವಳಿಗೆ ಓದೋಕೇ ಬರಲ್ವಂತೆ!”

ಅವನು ಫೋನಿನತ್ತ ಕೈ ಚಾಚಿದ. “ಬಿಡೇ, ಅಂಥವೆಲ್ಲಾ ಸುಳ್ಳು ಕಥೆ,” ಅಂದ.

“ಇರು ಮಾಮ, ಕೇಳು ನೀನೂ.” ಅವಳು ಓದತೊಡಗಿದಳು. ಅವನದೇ ವಾಕ್ಯಗಳು, ಅವನೇ ಜೋಪಾನವಾಗಿ ಇಟ್ಟ ಅಲ್ಪವಿರಾಮಗಳು. ಅಕ್ಕನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹೋಗಿ ಬರುತ್ತಲೇ ಇತ್ತು. ಕನ್ನಡಕದ ಮಾತಿಗೆ ಮಗಳು ನಕ್ಕಾಗ ಅಕ್ಕನೂ ನಕ್ಕಳು. ಆದರೆ ಅರೆಗಳಿಗೆ ತಡವಾಗಿ.

“ಗಿರಾಕಿಗಳ ಬಟ್ಟೆ ಗುರುತಿಗೆ, ಕಾಲರಿನೊಳಗೆ, ಬಣ್ಣದ ದಾರ...” ಅಷ್ಟು ಓದಿದ ಹುಡುಗಿಯ ದನಿ ಸಣ್ಣಗಾಯಿತು. ಮೇಜಿನ ಮೂಲೆಯಲ್ಲಿ ದಾರದ ಉಂಡೆಗಳ ಬುಟ್ಟಿ ಇತ್ತು. ಅವಳು ಅದನ್ನು ನೋಡಿದಳು, ಅಮ್ಮನ ಕೈಯಲ್ಲಿದ್ದ ಅಂಗಿಯ ಕಾಲರು ನೋಡಿದಳು. ಕೊನೆಗೆ ಮಾಮನನ್ನು ನೋಡಿದಳು.

“ಯಾಕೆ ನಿಲ್ಲಿಸಿದೆ? ಓದು,” ಅಂದಳು ಅಕ್ಕ.

“ಅಮ್ಮಾ...”

“ಪೂರ್ತಿ ಓದೇ. ಅರ್ಧಕ್ಕೆ ಬಿಡಬೇಡ.”

ಹುಡುಗಿ ಓದಿದಳು. ‘ಅವಳಿಗೇ ಆಸಕ್ತಿ ಇರಲಿಲ್ಲ’ ಎಂಬ ಆ ಮೂರು ಪದದ ಉತ್ತರವೂ ಬಂತು. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಪ್ಲಗ್ಗು ಕಿತ್ತಳು. “ಬರೆದೋರು ಯಾರು?” ಅಂತ ಯಾರ ಮುಖವನ್ನೂ ನೋಡದೆ ಕೇಳಿದಳು.

ಅವನು ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಆದರೆ ಬಾಯಿಂದ ಹೊರಬಿದ್ದದ್ದು, “ಯಾರೋ ಏನೋ. ಇಂಥವರು ಎಷ್ಟು ಜನ ಇರ್ತಾರೆ,” ಎಂಬ ಮಾತು. ಸಾಲದ್ದಕ್ಕೆ, ಏನೋ ಕೆಲಸ ಇದೆ ಅಂತ ಎದ್ದು ಬಂದುಬಿಟ್ಟ. ಬೀದಿಯ ತಿರುವಿನವರೆಗೂ ಬೆನ್ನು ಚುರುಗುಟ್ಟುತ್ತಿತ್ತು.

ಮನೆಗೆ ಬಂದವನೇ ಬರೆದದ್ದನ್ನೆಲ್ಲ ಅಳಿಸಿದ. ಅಳಿಸಿ ಏನು ಬಂತು? ಅದಾಗಲೇ ಎಲ್ಲೆಲ್ಲೋ ಹಂಚಿಹೋಗಿತ್ತು. ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದು ಹೆಚ್ಚು ಕುಟುಕುತ್ತಿತ್ತು. ಅಮ್ಮ ಹಾಸಿಗೆ ಹಿಡಿದಾಗ ಇವನು ಎಂಟು ತಿಂಗಳ ಕೂಸು. ಎರಡನೇ ತರಗತಿಯಿಂದ ಪದೇ ಪದೇ ಶಾಲೆ ತಪ್ಪಿಸುತ್ತಿದ್ದ ಅಕ್ಕ ಆಗ ಪೂರ್ತಿಯಾಗಿ ಬಿಟ್ಟಳು. ಇವನನ್ನು ಸೊಂಟಕ್ಕೇರಿಸಿಕೊಂಡು ಬೆಳೆದಳು. ಇವನು ಕಾಲೇಜಿಗೆ ಸೇರಿದಾಗ ಒಂದು ಸಲ ಹತ್ತಿರ ಬಂದು, “ಮರಿ, ನಂಗೂ ನಾಲ್ಕು ಅಕ್ಷರ ಹೇಳಿಕೊಡ್ತೀಯಾ?” ಅಂದಿದ್ದಳು. “ಪರೀಕ್ಷೆ ಮುಗೀಲಿ ಅಕ್ಕಾ,” ಅಂದಿದ್ದ. ಪರೀಕ್ಷೆಗಳು ಒಂದರ ಹಿಂದೊಂದು ಮುಗಿದವು. ಅವಳು ಮತ್ತೆ ಕೇಳಲಿಲ್ಲ, ಇವನಿಗೆ ನೆನಪಾಗಲಿಲ್ಲ. ನೆನಪಾಗಲಿಲ್ಲವೋ, ನೆನಪು ಮಾಡಿಕೊಳ್ಳಲಿಲ್ಲವೋ.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತ.

“ಅಕ್ಕಾ, ಅದನ್ನ ಬರೆದಿದ್ದು ನಾನು.”

“ಗೊತ್ತು,” ಅಂದಳು ಅಕ್ಕ, ಬೆಂಚು ಒರೆಸುತ್ತಾ. “ಕ್ಲಿನಿಕ್ಕಿಗೆ ನನ್ನ ಜೊತೆ ಬಂದಿದ್ದೋನು ನೀನೊಬ್ಬನೇ. ಆವತ್ತು ಕನ್ನಡಕ ಹಣೆ ಮೇಲಿದೆ ಅಂತ ಮೆಲ್ಲಗೆ ಚಿವುಟಿ ಹೇಳಿದ್ದೂ ನೀನೇ. ನನ್ನ ಮಾನ ಉಳಿಸಿದ ಅಂತ ಎಷ್ಟು ದಿನ ಅಂದ್ಕೊಂಡಿದ್ದೆ ಗೊತ್ತಾ?”

ಅಕ್ಕ ಒರೆಸುವ ಬಟ್ಟೆ ಪಕ್ಕಕ್ಕಿಟ್ಟಳು.

“ಫೋನು ತಂದಿದೀಯಾ? ಜನ ಏನೇನು ಅಂದ್ರು, ಓದು.”

“ಬೇಡ ಅಕ್ಕಾ. ಅಳಿಸಿದೀನಿ.”

“ಮಗಳ ಫೋನಲ್ಲಿದೆ. ಅವಳ ಹತ್ರ ಓದಿಸ್ಲಾ? ನೀನೇ ಓದು.”

ಮಗಳು ಒಳಗಿನಿಂದ ಬಂದು ಮಾತಾಡದೆ ಫೋನು ಕೊಟ್ಟು ಹೋದಳು. ಅವಳ ಕಣ್ಣು ಊದಿಕೊಂಡಿತ್ತು. ಅವನು ನಿಂತೇ ಓದಿದ. ಪಾಪ ಅಂದವರದ್ದು, ಜಾಣೆ ಅಂದವರದ್ದು, ‘ಇಂಥವರು ಮಕ್ಕಳನ್ನು ಏನು ಬೆಳೆಸಿಯಾರು’ ಅಂದವರದ್ದು, ಎಲ್ಲವನ್ನೂ. ದಿನವಿಡೀ ಕರಡು ಓದುವುದೇ ಕಸುಬಾಗಿದ್ದವನು ಒಂದೊಂದು ಸಾಲಿಗೂ ತಡವರಿಸಿದ. ಅಕ್ಕ ಕೇಳಿಸಿಕೊಂಡಳು. ಕೊನೆಗೆ ಹೇಳಿದಳು: “ನಗೋರು ನಗ್ಲಿ ಮರಿ, ಅವರಿಗೆ ನಾನು ಯಾರೋ. ಆಸಕ್ತಿ ಇರಲಿಲ್ಲ ಅಂತ ಬರೆದ್ಯಲ್ಲ, ಅದು ಯಾಕೆ?”

“ನಿಜ ಬರೆಯೋಕೆ ನಾಚಿಕೆ ಆಯ್ತು.”

“ನಿನ್ನ ನಾಚಿಕೆ ಮುಚ್ಕೊಂಡು ನಂದು ಬಿಚ್ಚಿಟ್ಟೆ.”

ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. “ಇವತ್ತಿಂದ ನಾನು ಕಲಿಸ್ತೀನಿ ಅಕ್ಕಾ, ದಿನಾ ಬರ್ತೀನಿ,” ಅಂದ. ಕಣ್ಣಲ್ಲಿ ನೀರು ತುಂಬಿತ್ತು.

“ಬೇಡ,” ಅಂದಳು ಅಕ್ಕ. “ನಿನ್ನ ಮುಂದೆ ತಪ್ಪು ಓದೋಕೆ ನಂಗೆ ಧೈರ್ಯ ಇಲ್ಲ.”

ಅದಾದ ಮೇಲೆ ಅವನು ಗುಂಪಿಗೆ ಒಂದೇ ಸಲ ಹೋದ. ಅಕ್ಕ ಶಾಲೆ ಬಿಟ್ಟದ್ದು ಯಾರಿಗಾಗಿ, ಕಲಿಸು ಎಂದಾಗ ತಾನು ಹೇಳಿದ್ದೇನು, ಎರಡನ್ನೂ ಮುಚ್ಚುಮರೆಯಿಲ್ಲದೆ ಬರೆದ. ಹಾಗೆ ಬರೆಯುವ ಮೊದಲು ಅಕ್ಕನನ್ನು ಕೇಳಿದ್ದ. “ನಿನ್ನ ವಿಷಯ ಏನು ಬೇಕಾದ್ರೂ ಬರ್ಕೋ,” ಅಂದಿದ್ದಳು. ಈ ಸಲ ಬಂದ ಉತ್ತರ ಹತ್ತೋ ಹನ್ನೆರಡೋ. ಛತ್ರಿ ಏನೂ ಅನ್ನಲಿಲ್ಲ. ಅವನು ಗುಂಪು ಬಿಟ್ಟ.

ಅಕ್ಕ ಮಾತು ಬಿಡಲಿಲ್ಲ. ಊಟಕ್ಕೆ ಕರೆಯುತ್ತಾಳೆ, ಜ್ವರ ಬಂದರೆ ವಿಚಾರಿಸುತ್ತಾಳೆ. ಸಂಜೆ ಹೊತ್ತು ಮಗಳು ಮೇಜಿನ ಮೇಲಿನ ಬಟ್ಟೆ ಸರಿಸಿ ಪುಸ್ತಕ ಹರಡುತ್ತಾಳೆ. ಒಂದು ದಿನ ಅವನು ಬಾಗಿಲ ಹೊರಗೆ ಬಂದಾಗ ಒಳಗಿನಿಂದ ಅಕ್ಕನ ದನಿ ಕೇಳುತ್ತಿತ್ತು. ‘ಮ... ಳೆ... ಬಂ...’ ಅಂತ ಒಂದೊಂದೇ ಅಕ್ಷರವನ್ನು ಹಲ್ಲಿನಲ್ಲಿ ಹಿಡಿದು ಎಳೆಯುವ ಹಾಗೆ ಓದುತ್ತಿದ್ದಳು. ಅವನಿಗೆ ಸಂತೋಷ ತಡೆಯಲಾಗಲಿಲ್ಲ. ಒಳಗೆ ಕಾಲಿಟ್ಟ.

ಅಕ್ಕ ಓದುವುದನ್ನು ನಿಲ್ಲಿಸಿ ಪುಸ್ತಕದ ಮೇಲೆ ಒಂದು ಟವಲು ಎಳೆದಳು. “ಬಾ ಮರಿ, ಕೂತ್ಕೋ. ಚಹಾ ಕುಡೀತೀಯಾ?” ಅಂದಳು.