ಸೊಂಟದ ಹೊಲಿಗೆ

ಡಾಕ್ಟರು ಹೇಳಿದ್ದನ್ನು ಕೆರೆ ದಂಡೆಯಲ್ಲಿ ಕೂತು ಇವರಿಗೆ ಹೇಳಿಬಿಡಬೇಕೆಂದೇ ಕರೆದುಕೊಂಡು ಹೋಗಿದ್ದೆ. ಮನೆಯಲ್ಲಿ ಬಾಯಿ ಬರುತ್ತಿರಲಿಲ್ಲ. ಮೂರು ತಿಂಗಳಿಂದ "ಬರೀ ಹೊಟ್ಟೆ ಹುಣ್ಣಂತೆ" ಎಂದು ಸುಳ್ಳು ಹೇಳಿಕೊಂಡು ಬಂದವಳು ನಾನೇ.

ಇವರು ದರ್ಜಿ. ಬೆಲ್ಟು ಬೇಕಾಗುವಂಥ ಪ್ಯಾಂಟು ಹೊಲಿದವನು ದರ್ಜಿಯೇ ಅಲ್ಲ ಎನ್ನುವ ಜಂಬದವರು. ಇಳಿದುಹೋಗುತ್ತಿದ್ದ ತಮ್ಮ ಸೊಂಟ ಇವರ ಗಮನಕ್ಕೆ ಬರಬಾರದೆಂದು ನಾನೊಂದು ಉಪಾಯ ಮಾಡಿದ್ದೆ. ಮಧ್ಯಾಹ್ನ ಇವರು ಮಲಗಿದಾಗ ಪ್ಯಾಂಟಿನ ಹಿಂದಿನ ಹೊಲಿಗೆ ಬಿಚ್ಚಿ, ಅರ್ಧರ್ಧ ಇಂಚು ಒಳಗೆ ಹಿಡಿದು, ಕೈಯಲ್ಲೇ ಹೊಲಿದಿಡುತ್ತಿದ್ದೆ. ಇವರು ಒಮ್ಮೆಯೂ ತುಟಿಪಿಟಕ್ಕೆನ್ನಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ, ಪೆದ್ದಿ.

ಬಸ್ಸಿಳಿದು ಹೊಲಗಳ ನಡುವೆ ಹತ್ತು ನಿಮಿಷದ ದಾರಿ. ಇವರು ಎರಡು ಕಡೆ ಕೂತು ಸುಧಾರಿಸಿಕೊಂಡರು. ಮೋಡ ಕವಿದು ನೀರೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಆಚೆ ದಡದಲ್ಲಿ ಯಾರದೋ ಸಂಸಾರ ದೋಣಿ ಹತ್ತುತ್ತಾ ಕೇಕೆ ಹಾಕುತ್ತಿತ್ತು. ಕೇಳಿ ನನಗೆ ಮೈಯೆಲ್ಲ ಉರಿಯಿತು. ಚಾಪೆ ಹಾಸಿ ಬುತ್ತಿ ಬಿಚ್ಚಿದೆ. ಇವರು ಎರಡು ತುತ್ತು ತಿಂದು ಡಬ್ಬಿ ಮುಚ್ಚಿದರು.

"ನೀರಿಗೆ ಕಾಲು ಬಿಡ್ತೀರಾ?" ಎಂದೆ, ಬೇರೆ ಮಾತು ಸಿಗದೆ.

ಎದ್ದು, ಪ್ಯಾಂಟು ಮಡಚಲು ಬಗ್ಗಿದರು. ನಾನು ಹಾಕಿದ್ದ ಗಂಟು ಬಿಚ್ಚಿಕೊಂಡಿತು. ಹಿಂದಿನ ಹೊಲಿಗೆ ಬಿಟ್ಟು ಪ್ಯಾಂಟು ಜಾರಿತು. ಇವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕರು.

"ಇಷ್ಟು ವರ್ಷ ದರ್ಜಿ ಜೊತೆ ಬಾಳಿದ್ರೂ ಒಂದು ಗಂಟು ಹಾಕೋದು ಕಲೀಲಿಲ್ಲವಲ್ಲೇ."

"ಯಾವ ಗಂಟು?"

"ಸಾಕು ಸುಮ್ನಿರೇ. ನನ್ನ ಹೊಲಿಗೆ ಯಾವುದು, ನಿಂದು ಯಾವುದು ಅಂತ ನಂಗೆ ಗೊತ್ತಾಗಲ್ವಾ? ಮೊದಲನೇ ಸಲಾನೇ ಗೊತ್ತಾಯ್ತು. ಆಮೇಲೆ ಟೇಪ್ ಹಿಡಿದು ನೋಡ್ಕೊಂಡೆ. ನಾಲ್ಕು ಇಂಚು ಕಣೇ. ಬರೀ ಹುಣ್ಣಿಗೆ ಇಷ್ಟು ಇಳಿಯುತ್ತಾ?"

ಅಳು ಒತ್ತರಿಸಿ ಬಂತು. "ಮತ್ತೆ ಯಾಕ್ರೀ ಹೇಳಲಿಲ್ಲ?"

"ಅಷ್ಟು ಕಷ್ಟಪಟ್ಟು ಹೊಲೀತಿದ್ದೆ. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ."

ಅಂಗಿಯ ಕಾಲರಿನ ಒಳಗೆ ಸದಾ ಚುಚ್ಚಿಕೊಂಡಿರುವ ಸೂಜಿದಾರ ತೆಗೆದು ನನ್ನ ಕೈಗೆ ಕೊಟ್ಟು, ನೀರಿನ ಕಡೆ ತಿರುಗಿ ನಿಂತರು. ನಾನು ಹಿಂದೆ ಮಂಡಿಯೂರಿ ಕೂತೆ.

"ಎಷ್ಟು ದಿನ ಅಂದ್ರು?"

"ಎರಡು ತಿಂಗಳು," ಎಂದೆ, ಇವರ ಬೆನ್ನಿಗೆ.

ದೋಣಿ ಕೆರೆಯ ನಡುವಿಗೆ ಹೋಗಿತ್ತು.

"ಹಾಗಾದ್ರೆ ಇನ್ನೊಂದು ಇಂಚು ಜಾಸ್ತೀನೇ ಒಳಗೆ ಹಿಡಿ. ಮತ್ತೆ ಮತ್ತೆ ಬಿಚ್ಚೋ ಕೆಲಸ ಬೇಡ ನಿಂಗೆ."

ಹಿಡಿದು ಹೊಲಿದೆ. ಎರಡೆರಡು ಗಂಟು ಹಾಕಿದೆ. ಆದರೂ ಸಡಿಲವಾಗಿಯೇ ಇತ್ತು.