ಉದ್ದ ಕೊಳವೆ, ಗಿಡ್ಡ ಕೊಳವೆ

ಕೊನೆಯ ನಟ್ಟು ಅಲ್ಲಾಡಲಿಲ್ಲ. ಮಗಳು ಬಂಪರಿಗೆ ಮಂಡಿ ಕೊಟ್ಟು, ಸ್ಪ್ಯಾನರಿನ ಮೇಲೆ ಮೈಭಾರವನ್ನೆಲ್ಲ ಹಾಕಿ ಇನ್ನೊಮ್ಮೆ ಎಳೆದಳು.

"ಬಾರೋ ಮೊಂಡ! ನಿಂಗೂ ನಮ್ಮಪ್ಪಂದೇ ಬುದ್ಧಿ."

ಸಾವಿನ ಮನೆಗೆಂದು ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದವರೆಲ್ಲ ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವಳೂ ಒಳ್ಳೆಯ ಬಟ್ಟೆಯನ್ನೇ ಹಾಕಿದ್ದಳು. ಅದರ ಮೇಲೆ ಅಪ್ಪನ ಗ್ರೀಸು ಮೆತ್ತಿದ ಕೋಟು. ಅಪ್ಪ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ. ತಾಯಿ ಬೆಳಗ್ಗೆ ಕೂತು ಅವನ ಕೈ ತಿಕ್ಕಿ ತೊಳೆದಿದ್ದಳು. ಮದುವೆಯಾದ ಮೇಲೆ ಆ ಉಗುರುಗಳು ಬೆಳ್ಳಗೆ ಕಂಡದ್ದು ಇದೇ ಮೊದಲು.

"ಏನಮ್ಮಾ ಇದು, ಹೆಣ ಒಳಗಿಟ್ಕೊಂಡು ಇಂಜಿನ್ ಬಿಚ್ತಾ ನಿಂತಿದೀಯ?" ಎಂದ ಚಿಕ್ಕಪ್ಪ. ಸತ್ತವನ ತಮ್ಮ ಅವನು. ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಅವನಿಗೆ ಎಲ್ಲವೂ ಹೊತ್ತಿಗೆ ಸರಿಯಾಗಿ ಆಗಬೇಕು. "ಗುಂಡಿ ತೋಡೋನು ಬೆಳಗ್ಗಿಂದ ಕಾಯ್ತಿದಾನೆ."

"ಕಾಯ್ಲಿ ಚಿಕ್ಕಪ್ಪ. ಗುಂಡಿ ಎಲ್ಲಿಗೂ ಓಡಿ ಹೋಗಲ್ಲ."

"ನಾನು ಹೆಣದ ವ್ಯಾನ್ ತರಿಸಿದ್ದೆ. ನಿಮ್ಮಮ್ಮ ವಾಪಸ್ ಕಳಿಸಿಬಿಟ್ರು!"

ಕೋಣೆಯ ಕಿಟಕಿಯಿಂದ ತಾಯಿಯ ದನಿ ಬಂತು. "ಕಳಿಸ್ದೆ. ಸೈಲೆನ್ಸರ್ ಒಡೆದ ಗಾಡಿ ಅದು. ಅದರಲ್ಲಿ ಮಲಗಿಸಿದ್ರೆ ನಿಮ್ಮಣ್ಣ ಎದ್ದು ರಿಪೇರಿಗೆ ಕೂರ್ತಿದ್ರು. ಅವರು ಅವರ ಕಾರಲ್ಲೇ ಹೋಗ್ತಾರೆ."

ಬಾಗಿಲಲ್ಲಿದ್ದ ಒಂದಿಬ್ಬರು ಕರವಸ್ತ್ರ ಬಾಯಿಗೆ ಹಿಡಿದರು. ಅತ್ತರೋ ನಕ್ಕರೋ ಗೊತ್ತಾಗಲಿಲ್ಲ.

ಕಾರು ಹಳೆಯದು, ಉದ್ದನೆಯದು. ಹಿಂದಿನ ಸೀಟು ಮಡಚಿದರೆ ಪೆಟ್ಟಿಗೆ ಸಲೀಸಾಗಿ ಹಿಡಿಯುತ್ತಿತ್ತು. ತೊಡಕು ಇದ್ದದ್ದು ಅಪ್ಪನ ಬಾಯಲ್ಲಿ. ಮೂರು ತಿಂಗಳ ಹಿಂದೆ ಇದೇ ಗ್ಯಾರೇಜಿನಲ್ಲಿ, ಇಡೀ ಬೀದಿಗೆ ಕೇಳುವ ಹಾಗೆ ಅವನು ಕೂಗಿದ್ದ: "ಅದನ್ನ ಬಿಚ್ಚಿ ಎಸೆಯೋವರೆಗೂ ನನ್ನ ಹೆಣಾನೂ ಈ ಕಾರು ಹತ್ತಲ್ಲ!"

ಮಗಳು ಅದನ್ನೇ ಬಿಚ್ಚುತ್ತಿದ್ದಳು.

* * *

ಜಗಳ ಹುಟ್ಟಿದ್ದು ಮ್ಯಾನಿಫೋಲ್ಡಿನಿಂದ. ಇಂಜಿನ್ನಿಗೆ ಗಾಳಿಯನ್ನೂ ಪೆಟ್ರೋಲನ್ನೂ ಹೊತ್ತು ತರುವ ನಾಲ್ಕು ಕೊಳವೆಗಳ ಗೊಂಚಲು ಅದು. ಮನುಷ್ಯನಿಗೆ ಮೂಗಿದ್ದ ಹಾಗೆ. ಕಾರಿನ ಜೊತೆ ಬಂದದ್ದು ಸೀಳು ಬಿಟ್ಟಿತ್ತು, ಅಂಥದ್ದು ಈಗ ಎಲ್ಲೂ ಸಿಗುತ್ತಿರಲಿಲ್ಲ. ಬೇರೆಯವರು ಮಾಡಿ ಮಾರುವುದು ಎರಡು ಬಗೆಯದು ಸಿಗುತ್ತಿತ್ತು. ಅಪ್ಪ ಒಂದು ತಂದ. ಮಗಳು ಇನ್ನೊಂದು ತಂದಳು. ಒಂದೇ ದಿನ, ಒಬ್ಬರಿಗೊಬ್ಬರು ಹೇಳದೆ.

ಅಪ್ಪನದು ಸಪೂರ, ಉದ್ದ. ಮಗಳದು ದಪ್ಪ, ಗಿಡ್ಡ.

"ಇದೇನೇ ಇದು? ಕೊಳವೇನೋ ಬಕೆಟ್ಟೋ?"

"ನಿಂದೇನಪ್ಪಾ? ಕುರಿ ಕರುಳು ಇದ್ದಂಗಿದೆ."

"ಉದ್ದ ಕೊಳವೇಲಿ ಗಾಳಿ ಓಡಿ ಬಂದು ಜೋರು ಹಿಡಿಯುತ್ತೆ ಕಣೇ. ನಿಧಾನಕ್ಕೆ ಹೋದ್ರೂ ಗಾಡಿ ಜಗ್ಗುತ್ತೆ. ಏರಲ್ಲಿ ನಿಲ್ಲಲ್ಲ."

"ಜೋರಾಗಿ ಹೋದಾಗ? ಆ ಸಣ್ಣ ತೂತಲ್ಲಿ ಇಂಜಿನ್ನಿಗೆ ಉಸಿರು ಕಟ್ಟುತ್ತೆ. ನಂದು ನೋಡು, ಎಷ್ಟು ಬೇಕಾದ್ರೂ ಗಾಳಿ ಕುಡೀಬಹುದು."

"ನಿಂದು ನಿಧಾನಕ್ಕೆ ಹೋಗುವಾಗ ಕೆಮ್ಮುತ್ತೆ."

"ನಿಧಾನಕ್ಕೆ ಯಾಕಪ್ಪಾ ಹೋಗ್ಬೇಕು?"

"ಎಲ್ಲರೂ ಒಂದಿನ ನಿಧಾನಕ್ಕೆ ಹೋಗ್ಲೇಬೇಕು." ಅಪ್ಪ ಅವಳ ಮ್ಯಾನಿಫೋಲ್ಡನ್ನು ಎತ್ತಿಕೊಂಡು ಕೊಳವೆಯ ಬಾಯೊಳಗೆ ಬೆರಳಾಡಿಸಿದ. "ಥೂ. ಈ ಬಾಯಿ ನೋಡು. ಇಂಜಿನ್ನಿನ ತೂತಿಗೂ ಇದಕ್ಕೂ ಹೊಂದೋದೇ ಇಲ್ಲ. ಅಂಚು ಒಳಗೆ ಚಾಚಿದೆ. ಹೊಸ್ತಿಲು ಎಡವಿದಂಗೆ ಗಾಳಿ ಇಲ್ಲಿ ಎಡವುತ್ತೆ."

"ಕೂದಲೆಳೆಯಷ್ಟು ಅಪ್ಪಾ!"

"ಕೂದಲು ಕಣ್ಣಿಗೆ ಬಿದ್ದಾಗ ಹೇಳು, ಕೂದಲೆಳೆಯಷ್ಟು ಅಂತ."

ಎರಡನ್ನೂ ಹಾಕಿ ನೋಡುವುದೆಂದು ಒಪ್ಪಂದವಾಯಿತು. ಸ್ಮಶಾನದ ಗುಡ್ಡದ ಏರೇ ಪರೀಕ್ಷೆಯ ಜಾಗ, ಊರಲ್ಲಿ ಅಷ್ಟು ಕಡಿದಾದ ರಸ್ತೆ ಬೇರೆ ಇರಲಿಲ್ಲ. ಅಪ್ಪ ತನ್ನದನ್ನು ಹಾಕಿಕೊಂಡು ಒಬ್ಬನೇ ಹತ್ತಿ ಬಂದ. ಮಗಳದನ್ನು ಹಾಕಿದಾಗ ಟೈರ್ ಮಾವನನ್ನು ಹಿಂದೆ ಕೂರಿಸಿಕೊಂಡ. ಪಕ್ಕದ ಟೈರ್ ಅಂಗಡಿಯ ಮಾಲೀಕ, ಬಾಲ್ಯದ ಗೆಳೆಯ, ಎರಡು ಲಾರಿ ಟೈರಿನಷ್ಟು ತೂಕ. ಕಾರು ಏರಲ್ಲಿ ತೆವಳಿತು. ಈ ಭಾರದ ಗುಟ್ಟು ಮಗಳಿಗೆ ಗೊತ್ತಾಗಿದ್ದು ಟೈರ್ ಮಾವ "ಗುಡ್ಡದ ಮೇಲೆ ಗಾಳಿ ಚೆನ್ನಾಗಿದೆ" ಎಂದು ಬಾಯಿ ಜಾರಿದಾಗ.

"ಮೋಸ! ನಿಂದು ಖಾಲಿ ಗಾಡಿ, ನಂದಕ್ಕೆ ಟೈರ್ ಮಾವ!"

"ಮನೆ ಕಾರು ಅಂದ್ಮೇಲೆ ಜನ ಕೂರಲ್ವೇನೇ?"

"ಇವ್ರು ಜನ ಅಲ್ಲ, ಜನಸಂಖ್ಯೆ!"

ಮಗಳು ಸಿಟ್ಟಿನಲ್ಲಿ ತನ್ನದನ್ನೇ ಬಿಗಿದಿಟ್ಟಳು. ಅಪ್ಪ ಸಿಟ್ಟಿನಲ್ಲಿ ಹೆಣದ ಮಾತಾಡಿದ. ಆಮೇಲೆ ಇಬ್ಬರ ನಡುವೆ ಉಳಿದದ್ದು ಸ್ಪ್ಯಾನರಿನ ನಂಬರುಗಳು ಮಾತ್ರ.

"ಹನ್ನೆರಡು."

"ತಗೋ."

ಹೀಗಿರುವಾಗಲೇ ಅಪ್ಪ ಒಂದು ಮಧ್ಯಾಹ್ನ ಉಂಡು, ಕುರ್ಚಿಯಲ್ಲಿ ಒರಗಿ, ಏಳಲೇ ಇಲ್ಲ.

* * *

ಟೈರ್ ಮಾವ ಬೆಳಗ್ಗಿನಿಂದ ಏನೋ ಒಂದು ನೆವ ಹೇಳುತ್ತಲೇ ಇದ್ದ. ಇಂಜಿನ್ ಬಿಸಿ ಇದೆ ಎಂದ. ಕಾರು ಹೊರಗೆ ಹೋಗಿಯೇ ಇರಲಿಲ್ಲ. ನಡುವಿನ ಗ್ಯಾಸ್ಕೆಟ್ ಪಟ್ಟಿ ಹಾಳಾಗುತ್ತೆ ಎಂದ. ಹೊಸ ಗ್ಯಾಸ್ಕೆಟ್ ಅವಳ ಕೈಯಲ್ಲೇ ಇತ್ತು. ಕೊನೆಗೆ ಸುಮ್ಮನೆ ಸ್ಟೂಲಿನ ಮೇಲೆ ಕೂತ. ಅದೇ ಹೊತ್ತಿಗೆ ಹನ್ನೆರಡರ ಸ್ಪ್ಯಾನರ್ ಕಾಣೆಯಾಯಿತು.

"ಮಾವ, ಏಳಿ ಮೇಲೆ."

"ಮಂಡಿ ನೋವಮ್ಮ."

"ಏಳೀಂದ್ರೆ!"

ಎದ್ದ. ಸ್ಪ್ಯಾನರ್ ಅವನ ಕೆಳಗೆ ಬಿಸಿಬಿಸಿಯಾಗಿ ಬಿದ್ದಿತ್ತು. ಮಗಳು ಅದನ್ನು ಕಿತ್ತುಕೊಂಡಳು.

"ಯಾಕ್ ಮಾವ ಹಿಂಗ್ಮಾಡ್ತೀರ? ಹೆಣಾನೂ ಹತ್ತಲ್ಲ ಅಂದಿದ್ದೇ ನಮ್ಮಪ್ಪ ನನ್ ಹತ್ರ ಆಡಿದ ಕೊನೇ ಮಾತು. ಆಮೇಲೆ ಬರೀ ನಂಬರ್ರು. ಅವನ ಕೊಳವೆ ಹಾಕಿ ಕಳಿಸ್ತೀನಿ. ಸಿಟ್ಟಲ್ಲಿ ಹೋಗೋದು ಬೇಡ."

ಅವಳು ಹಟದ ನಟ್ಟಿಗೆ ಮತ್ತೆ ಸ್ಪ್ಯಾನರ್ ಹಾಕಿದಳು. ಈ ಸಲ ಅದು ಕಿರ್ರೆಂದು ಸಡಿಲವಾಯಿತು. ಮ್ಯಾನಿಫೋಲ್ಡನ್ನು ಎರಡು ಕೈಯಲ್ಲಿ ಎಳೆದು ತೆಗೆದು, ಅಂಟಿದ ಗ್ಯಾಸ್ಕೆಟನ್ನು ಕಿತ್ತು ಬೆಳಕಿಗೆ ತಿರುಗಿಸಿದಳು.

ನಾಲ್ಕು ಕೊಳವೆಗಳ ಬಾಯಿಗೂ ಕೆಂಪು ಅಂಚು ಇತ್ತು.

ರಕ್ತವಲ್ಲ, ತುಕ್ಕಲ್ಲ. ಫಳಫಳ ಹೊಳೆಯುವ ಕೆಂಪು. ಆ ಕೆಂಪಿನ ಗೆರೆಯವರೆಗೆ ಲೋಹವನ್ನು ಯಾರೋ ಅರ ಹಾಕಿ ತಿಕ್ಕಿದ್ದರು. ಅವಳು ಬೆರಳು ಇಟ್ಟು ನೋಡಿದಳು. ಒಳಗೆ ಚಾಚಿದ್ದ ಅಂಚು ಇರಲೇ ಇಲ್ಲ. ಬೆರಳು ಎಲ್ಲೂ ಎಡವಲಿಲ್ಲ. ಅರದ ಗೀಟುಗಳೆಲ್ಲ ಒಂದೇ ಕಡೆಗೆ ಓರೆಯಾಗಿದ್ದವು, ಬೇರೆಯವರು ತಿಕ್ಕಿದರೆ ಬೀಳುವ ದಿಕ್ಕಿಗೆ ತಿರುಗುಮುರುಗಾಗಿ. ಈ ಬೀದಿಯಲ್ಲಿ ಎಡಗೈಯಲ್ಲಿ ಅರ ಹಿಡಿಯುತ್ತಿದ್ದವನು ಒಬ್ಬನೇ, ಅಪ್ಪ. ಬೀದಿಯವರು ಅವನನ್ನು ಎಡಚ ಎಂದೇ ಕರೆಯುತ್ತಿದ್ದರು.

"ಅಮ್ಮಾ!" ಎಂದು ಕೂಗಿದಳು.

ತಾಯಿ ಓಡಿ ಬಂದಳು. ಕನ್ನಡಕ ಏರಿಸಿ ನೋಡಿದವಳ ಮುಖ ಮೊದಲು ಕೆಂಪಾಯಿತು. "ನನ್ನ ಉಗುರುಬಣ್ಣ! ಎಲ್ಲಿ ಅಂತ ಕೇಳಿದ್ರೆ ನಿನ್ನ ಮಗಳನ್ನ ಕೇಳು ಅಂದಿದ್ರು ನಿಮ್ಮಪ್ಪ. ಪಾಪ, ನಿಂಗೆ ಬೈದೂ ಬಿಟ್ಟೆನಲ್ಲೇ ನಾನು!"

"ಬೈದಿದ್ಯಾ? ಮೂರು ದಿನ ಬೈದೆ."

ಎಲ್ಲರೂ ಟೈರ್ ಮಾವನ ಕಡೆ ತಿರುಗಿದರು. ಅವನು ಎರಡು ಕೈ ಎತ್ತಿದ.

"ಸಾಯೋವರೆಗೂ ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದೆ."

"ಯಾರು ಸಾಯೋವರೆಗೂ ಮಾವ?"

"ಅದನ್ನ ನಾವು ಬಿಡಿಸಿ ಮಾತಾಡಿರ್ಲಿಲ್ಲ." ಸ್ವಲ್ಪ ಯೋಚಿಸಿದ. "ಈಗ ಹೇಳಬಹುದು ಅನ್ಸುತ್ತೆ. ನೀನು ಗೆಳತಿ ಮದುವೆಗೆ ಹೋಗಿದ್ದೆಯಲ್ಲ, ಆಗ ನಿಮ್ಮಪ್ಪ ಇದನ್ನ ಬಿಚ್ಚಿದ. ಎಲ್ಲೀವರೆಗೆ ತಿಕ್ಕಬೇಕು ಅಂತ ಕಾಣೋಕೆ ಬಣ್ಣ ಬಳಿದು, ಗೆರೆ ಹಾಕಿ, ಎರಡು ದಿನ ತಿಕ್ಕಿದ. ವಾಪಸ್ ಹಾಕಿ, ಬಾರೋ ಅಂತ ನನ್ನ ಎಳ್ಕೊಂಡು ಗುಡ್ಡ ಹತ್ತಿಸಿದ. ದೇವ್ರೇ! ನಾನು ಕಣ್ಣು ಮುಚ್ಕೊಂಡಿದ್ದೆ. ಇವನು ಖುಷಿಗೆ ಹುಡುಗನ ಥರ ಕಿರುಚ್ತಿದ್ದ. ಅಂಥದ್ದನ್ನ ನೀನು ಬಿಚ್ಚಿ ಎಸೀತೀಯ ಅಂತಾನೇ ಸ್ಪ್ಯಾನರ್ ಬಚ್ಚಿಟ್ಟಿದ್ದು."

"ಹಾಲು ತರೋಕೆ ಅಂತ ಹೋಗಿ ಊಟದ ಹೊತ್ತಿಗೆ ಬರ್ತಿದ್ರಲ್ಲ," ಎಂದಳು ತಾಯಿ. "ಆಗೇನಾ?"

"ಅವೆಲ್ಲ ಆಗ್ಲೇ ಅತ್ತಿಗೆ."

"ನನಗ್ಯಾಕೆ ಹೇಳ್ಲಿಲ್ಲ?" ಮಗಳ ದನಿ ಸಣ್ಣಗಾಗಿತ್ತು.

"ನಾನೂ ಕೇಳ್ದೆ. ಹೇಳಿದ್ರೆ ತಲೆ ಮೇಲೆ ಹತ್ತಿ ಕೂರ್ತಾಳೆ, ಅವಳೇ ಬಿಚ್ಚಿ ನೋಡ್ಲಿ ಅಂದ."

ಮಗಳು ಮ್ಯಾನಿಫೋಲ್ಡನ್ನು ಮಗುವಿನ ಹಾಗೆ ತೋಳಲ್ಲಿ ಹಿಡಿದುಕೊಂಡು ನಿಂತಳು. ಕಣ್ಣು ಒರೆಸಿಕೊಂಡಳು, ಕೆನ್ನೆಗೆ ಗ್ರೀಸಾಯಿತು. ಅಪ್ಪನ ಕೋಟಿನ ಜೇಬಿಗೆ ಕೈ ಹಾಕಿದರೆ ಚಿಂದಿ ಬಟ್ಟೆಯ ಜೊತೆ ಪುಟ್ಟ ಗಾಜಿನ ಸೀಸೆ ಸಿಕ್ಕಿತು. ತಳದಲ್ಲಿ ಇನ್ನೂ ಒಂದಿಷ್ಟು ಕೆಂಪು.

"ತಗೋಮ್ಮಾ. ನಿನ್ನ ಮಾಲು."

ತಾಯಿ ಸೀಸೆ ಅಲ್ಲಾಡಿಸಿ ಬೆಳಕಿಗೆ ಹಿಡಿದಳು. "ಕಳ್ಳ," ಎಂದಳು, ಬಹಳ ಮೆತ್ತಗೆ.

ಚಿಕ್ಕಪ್ಪ ಗೋಡೆಗೆ ಒರಗಿಸಿಟ್ಟ ಉದ್ದ ಕೊಳವೆಗಳನ್ನು ತೋರಿಸಿದ. "ಸರಿ, ಈಗ ಇದನ್ನಾದ್ರೂ ಬೇಗ ಹಾಕಮ್ಮ, ಹೊರಡೋಣ."

"ಅದ್ಯಾಕೆ? ನಂದೇ ಹಾಕ್ತೀನಿ."

"ಮತ್ತೆ ಇಷ್ಟೊತ್ತು ಬಿಚ್ಚಿದ್ದು ಯಾಕೆ?"

"ನೋಡೋಕೆ ಚಿಕ್ಕಪ್ಪ."

ಚಿಕ್ಕಪ್ಪ ಆಕಾಶ ನೋಡಿದ. ಟೈರ್ ಮಾವ ಮಾತ್ರ ಹನ್ನೆರಡರ ಸ್ಪ್ಯಾನರನ್ನು ಒರೆಸಿ ಅವಳ ಕೈಗಿಟ್ಟ.

* * *

ಪೆಟ್ಟಿಗೆ ಹಿಂದೆ, ತಾಯಿ ಮುಂದೆ, ಸ್ಟಿಯರಿಂಗಿನಲ್ಲಿ ಮಗಳು. ನಟ್ಟು ಬಿಗಿಯುವಾಗ ತಾಯಿ ಕಾರಿನಲ್ಲೇ ಕೂತು ಏನೋ ಮಾಡುತ್ತಿದ್ದಳು, ಯಾರೂ ಗಮನಿಸಲಿಲ್ಲ. ಚಿಕ್ಕಪ್ಪ ಮುಂದೆ ನಿಂತು ಕೈ ಎತ್ತಿ ಎಲ್ಲರನ್ನೂ ಸಾಲಾಗಿಸಿದ. ಕಾರು ಮುಂದೆ, ಜನ ಹಿಂದೆ, ನಡಿಗೆಯ ವೇಗ.

ಬೀದಿಯಲ್ಲಿ ತೊಂದರೆಯಾಗಲಿಲ್ಲ. ಗುಡ್ಡದ ಏರು ಶುರುವಾದದ್ದೇ ಕಾರು ಕೆಮ್ಮಿತು. ಒಂದು ಸಲ ಕುಲುಕಿತು, ಇನ್ನೊಂದು ಸಲ ಕುಲುಕಿತು, ಹಿಂದೆ ಪೆಟ್ಟಿಗೆ ಟಕ್ಕೆಂದಿತು.

"ನಿಮ್ಮಪ್ಪ ಬಡೀತಿದಾರೆ," ಎಂದಳು ತಾಯಿ.

ಮೂರನೆಯ ಕುಲುಕಿಗೆ ಇಂಜಿನ್ ನಿಂತೇ ಹೋಯಿತು. ಮಗಳು ಬ್ರೇಕ್ ಒತ್ತಿ ಹಿಡಿದಳು. ಆಮೇಲೆ ಅವಳಿಗೆ ನಗು ಬಂತು. ಸಣ್ಣಗೆ ಶುರುವಾಗಿ ಭುಜ ಕುಣಿಯುವಷ್ಟಾಯಿತು.

"ಆಯ್ತಪ್ಪಾ, ಒಪ್ಕೊಂಡೆ. ನಿಧಾನಕ್ಕೆ ಹೋಗೋಕೆ ನಿಂದೇ ಸರಿ," ಎಂದಳು ಕನ್ನಡಿಯಲ್ಲಿ ಹಿಂದೆ ನೋಡುತ್ತಾ. "ಈಗ ನಂದು ನೋಡು."

ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು. "ಚಿಕ್ಕಪ್ಪಾ, ಪಕ್ಕಕ್ಕೆ ಬನ್ನಿ! ಈ ಗಾಡಿ ನಡಿಯಲ್ಲ, ಓಡುತ್ತೆ!"

"ಓಡೋದಾ? ಹೆಣದ ಗಾಡಿ ಕಣೇ ಅದು!"

"ಹೆಣಕ್ಕೇನೂ ಅಭ್ಯಂತರ ಇಲ್ಲ!" ಎಂದು ಹಿಂದಿನಿಂದ ಟೈರ್ ಮಾವ ಕೂಗಿದ. ಅವನು ಆಗಲೇ ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಂಡಿದ್ದ.

ಮಗಳು ಕೀಲಿ ತಿರುಗಿಸಿ, ಕಾಲು ಒತ್ತಿದಳು. ಇಂಜಿನ್ ಮೊದಲು ಗೊಣಗಿತು, ಆಮೇಲೆ ಗಂಟಲು ಬಿಚ್ಚಿತು. ಆ ದಪ್ಪ ಗಿಡ್ಡ ಕೊಳವೆಗಳು ಗುಡ್ಡದ ಗಾಳಿಯನ್ನು ಗಟಗಟನೆ ಕುಡಿಯುವುದು ಹಿಂದಿದ್ದವರಿಗೆಲ್ಲ ಕೇಳಿಸಿತು. ಕಾರು ಹಾರಿಕೊಂಡು ಹೋಯಿತು.

ಜನ ಒಂದು ಗಳಿಗೆ ಮುಖ ಮುಖ ನೋಡಿಕೊಂಡರು. ಆಮೇಲೆ ಓಡಿದರು. ಇಸ್ತ್ರಿ ಬಟ್ಟೆ ಎತ್ತಿ ಹಿಡಿದುಕೊಂಡು, ಕನ್ನಡಕ ಹಿಡಿದುಕೊಂಡು, ಏದುಸಿರು ಬಿಡುತ್ತಾ, ಬೈಯುತ್ತಾ, ನಗುತ್ತಾ ಓಡಿದರು. "ಅಣ್ಣಾ, ನಿಲ್ಲೋ!" ಎಂದು ಚಿಕ್ಕಪ್ಪ ಕೂಗುತ್ತಿದ್ದ, ಚಿಕ್ಕವನಿದ್ದಾಗ ಕೂಗುತ್ತಿದ್ದ ಹಾಗೇ. ಮೇಲೆ ಗೇಟಿನಲ್ಲಿ ಗುದ್ದಲಿಗೆ ಒರಗಿ ನಿಂತಿದ್ದವನು ಸದ್ದು ಕೇಳಿ ತಲೆ ಎತ್ತಿದ, ಗುದ್ದಲಿ ಬಿಟ್ಟು ಪಕ್ಕಕ್ಕೆ ಹಾರಿದ.

ಮುಂದಿನ ಕಿಟಕಿಯಿಂದ ತಾಯಿಯ ಎಡಗೈ ಹೊರಗೆ ಬಂದಿತ್ತು. ಸೀಸೆಯಲ್ಲಿ ಉಳಿದದ್ದು ಒಂದು ಕೈಗೆ ಮಾತ್ರ ಸಾಕಾಗಿತ್ತು. ಐದು ಬೆರಳನ್ನೂ ಬಿಡಿಸಿ ಅವಳು ಹಸಿ ಬಣ್ಣವನ್ನು ಗಾಳಿಗೆ ಹಿಡಿದಿದ್ದಳು, ಒಣಗಲೆಂದು.